ಕೂಡಿ ಬೆಳೆದ ಬೆಕ್ಕುಗಳು ಕಚ್ಚಾಡತೊಡಗಿದರೆ

ಒಂದೇ ಗೋಣಿಯ ಮೇಲೆ ಮೈಗೆ ಮೈ ತಾಗಿಸಿ ಮಲಗುತ್ತಿದ್ದ ಎರಡು ಬೆಕ್ಕುಗಳು ಇದ್ದಕ್ಕಿದ್ದ ಹಾಗೆ ರೋಮ ಹಾರುವಂತೆ ಕಚ್ಚಾಡಿಕೊಂಡರೆ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಜೋರಿನದ್ದಕ್ಕೆ ಎರಡೇಟು ಹಾಕಿ ಅಂಗಳಕ್ಕೆ ಓಡಿಸುತ್ತಾರೆ, ಇಲ್ಲವೇ ಎರಡನ್ನೂ ಎತ್ತಿ ತಂದು ಎದುರೆದುರು ಕೂರಿಸಿ, ಒಂದೇ ತಟ್ಟೆಗೆ ಮೀನು ಹಾಕಿ ರಾಜಿ ಮಾಡಿಸಲು ನೋಡುತ್ತಾರೆ. ಎರಡರಿಂದಲೂ ಹಗೆ ಗಟ್ಟಿಯಾಗುವುದೇ ಹೆಚ್ಚು.

ಕಾರಣ ಬೆಕ್ಕಿನ ಹುಟ್ಟುಗುಣದಲ್ಲೇ ಉಂಟು. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಅನ್ನ ಸಿಗುವ ಜಾಗದಲ್ಲಿ ಗುಂಪಾಗಿ ಬಾಳುತ್ತದೆ ನಿಜ, ಆದರೆ ಆ ಗುಂಪು ಹೆಚ್ಚಾಗಿ ತಾಯಿ, ಮಗಳು, ಅಕ್ಕತಂಗಿಯರದ್ದು. ನಾಯಿಗಳಲ್ಲಿ ಕಾಣುವಂತೆ ಜಗಳವಾಡಿ ಆಮೇಲೆ ಬಾಲ ಅಲ್ಲಾಡಿಸಿ ಒಂದಾಗುವ ಕ್ರಮ ಬೆಕ್ಕುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅವು ಶಾಂತಿ ಕಾಯುವುದು ಎರಡು ಬಗೆಯಿಂದ: ಬೇಡವಾದಾಗ ದೂರ ಸರಿಯಲು ಜಾಗ ಇರಬೇಕು, ಮತ್ತು ಮನೆಯ ಬೆಕ್ಕುಗಳೆಲ್ಲದರ ಮೈಗೆ ಒಂದೇ ವಾಸನೆ ಇರಬೇಕು. ಜಗಳ ಶುರುವಾದ ಮನೆಯಲ್ಲಿ ಈ ಎರಡರಲ್ಲಿ ಒಂದು ಕೆಟ್ಟಿರುತ್ತದೆ. ಅದನ್ನು ಮತ್ತೆ ಕಟ್ಟುವುದೇ ಕೆಲಸ. ಅದರ ವೇಗವನ್ನು ನಿರ್ಧರಿಸುವುದು ಹೆದರಿದ ಬೆಕ್ಕು, ನೀವಲ್ಲ.

ಆಟವೋ ಜಗಳವೋ

ಮೊದಲು ಇದು ನಿಜವಾದ ಜಗಳ ಹೌದೇ ನೋಡಿ. ಆಟದಲ್ಲಿ ಸದ್ದು ಕಡಿಮೆ, ಉಗುರು ಒಳಗೆ, ಒಮ್ಮೆ ಇದು ಮೇಲೆ ಬಿದ್ದರೆ ಮತ್ತೊಮ್ಮೆ ಅದು. ನಡುನಡುವೆ ನಿಲ್ಲಿಸಿ ಮೈ ನೆಕ್ಕಿಕೊಂಡು ಮತ್ತೆ ಶುರು ಮಾಡುತ್ತವೆ. ಜಗಳದಲ್ಲಿ ಕಿವಿ ತಲೆಗೆ ಅಂಟಿರುತ್ತದೆ, ಬಾಲದ ರೋಮ ನಿಮಿರಿರುತ್ತದೆ, ಕಿರಿಚಾಟ ಕೇಳಿಸುತ್ತದೆ, ಓಡುವುದು ಯಾವಾಗಲೂ ಒಂದೇ ಬೆಕ್ಕು, ಅಟ್ಟುವುದು ಇನ್ನೊಂದು. ಮುಗಿದ ಮೇಲೆ ನೆಲದಲ್ಲಿ ರೋಮದ ಉಂಡೆ ಬಿದ್ದಿರುತ್ತದೆ.

ಮನೆಯವರ ಕಣ್ಣಿಗೆ ಬೀಳದೆ ಹೋಗುವುದು ಸದ್ದಿಲ್ಲದ ಜಗಳ. ಒಂದು ಬೆಕ್ಕು ಚಾವಡಿಯಿಂದ ಅಡಿಗೆಕೋಣೆಗೆ ಹೋಗುವ ಬಾಗಿಲಲ್ಲಿ ಕಾಲು ಚಾಚಿ ಮಲಗಿರುತ್ತದೆ. ನೋಡಿದವರಿಗೆ ಪಾಪ, ತಂಪಿಗೆ ಮಲಗಿದೆ ಅನಿಸುತ್ತದೆ. ಇನ್ನೊಂದು ಬೆಕ್ಕು ಎರಡು ಹೆಜ್ಜೆ ಮುಂದೆ ಬಂದು, ಅದರ ದೃಷ್ಟಿ ತಾಗಿದ ಕೂಡಲೇ ನಿಂತು, ಕಿಟಕಿಯನ್ನೋ ಗೋಡೆಯನ್ನೋ ನೋಡುವವರ ಹಾಗೆ ಮುಖ ತಿರುಗಿಸಿ ವಾಪಸು ಹೋಗುತ್ತದೆ. ಅದು ಆ ಹೊತ್ತಿಗೆ ಊಟಕ್ಕೋ ಮೂತ್ರಕ್ಕೋ ಹೊರಟಿತ್ತು. ಹೀಗೆ ತಡೆಸಿಕೊಂಡ ಬೆಕ್ಕು ಕೊನೆಗೆ ಹಾಸಿಗೆಯ ಮೇಲೆ ಉಚ್ಚೆ ಹೊಯ್ದಾಗ ಬೈಗುಳ ಅದಕ್ಕೇ ಸಿಗುತ್ತದೆ. ಕಚ್ಚಾಟ ಕಾಣಿಸಿಕೊಳ್ಳುವ ಎಷ್ಟೋ ಮೊದಲೇ ಇಂಥ ದುರುಗುಟ್ಟುವಿಕೆ, ದಾರಿ ಕಾಯುವುದು ನಡೆದಿರುತ್ತದೆ.

ಯಾಕೆ ಶುರುವಾಯಿತು

ಹಠಾತ್ತಾಗಿ ಶುರುವಾದ ಜಗಳಕ್ಕೆ ಮೊದಲು ಗುಮಾನಿ ಪಡಬೇಕಾದ್ದು ಕಾಯಿಲೆಯನ್ನು. ಹಲ್ಲುನೋವು, ಕೀಲುನೋವು, ಬಾಲದ ಬುಡದಲ್ಲಿ ಹಳೆಯ ಕಡಿತದ ಕೀವು ಇದ್ದರೆ ಯಾರು ಹತ್ತಿರ ಬಂದರೂ ಬೆಕ್ಕು ಎರಗುತ್ತದೆ. ಹತ್ತು ವರ್ಷ ದಾಟಿದ ಬೆಕ್ಕು ಚೆನ್ನಾಗಿ ತಿಂದೂ ಇಳಿದುಹೋಗುತ್ತಿದ್ದು, ಸಿಡುಕೂ ಆದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಗಂಡು ಬೆಕ್ಕು ಮತ್ತೆಮತ್ತೆ ಕುಕ್ಕರಿಸಿ ಕೂತು ಹನಿ ಮೂತ್ರವೂ ಬಾರದಿದ್ದರೆ ಮೂತ್ರನಾಳ ಕಟ್ಟಿದೆ ಎಂದು ತಿಳಿದು ಅದೇ ದಿನ ಪಶುವೈದ್ಯರಲ್ಲಿಗೆ ಹೋಗಬೇಕು. ನಾಳೆ ನೋಡುವ ಎಂದರೆ ಜೀವ ಹೋಗಬಹುದು. ನೋವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು.

ಎರಡನೆಯದು ಹೊರಗಿನ ಸಿಟ್ಟು ಒಳಗಿನವರ ಮೇಲೆ ಬೀಳುವುದು. ಹಿತ್ತಿಲಿನ ಗಡವ ಬೆಕ್ಕು ಕಿಟಕಿಯ ಹೊರಗೆ ಬಂದು ಕೂತಿರುತ್ತದೆ. ಒಳಗಿನದ್ದಕ್ಕೆ ಮೈಯೆಲ್ಲ ಉರಿ, ಆದರೆ ಕಬ್ಬಿಣದ ಸರಳು ಅಡ್ಡ. ಅದೇ ಹೊತ್ತಿಗೆ ಪಕ್ಕದಲ್ಲಿ ಸುಳಿದ ತನ್ನ ಜೊತೆಗಾರನ ಮೇಲೆಯೇ ಎರಗುತ್ತದೆ. ದೊಡ್ಡ ಸದ್ದಿನಿಂದಲೂ ಹೀಗಾಗುತ್ತದೆ. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು, ದೀಪಾವಳಿ, ಹತ್ತಿರದಲ್ಲಿ ಜಾತ್ರೆಯೋ ಕೋಲವೋ ಇದ್ದಾಗ ಸಿಡಿಯುವ ಗರ್ನಾಲು. ಬೆಚ್ಚಿದ ಗಳಿಗೆಯಲ್ಲಿ ಕಣ್ಣಿಗೆ ಬಿದ್ದ ಬೆಕ್ಕೇ ಆ ಸದ್ದಿಗೆ ಕಾರಣ ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಹೀಗೆ ಕೆರಳಿದ ಬೆಕ್ಕು ತಣ್ಣಗಾಗಲು ಗಂಟೆಗಳು ಬೇಕು, ಕೆಲವಕ್ಕೆ ದಿನಗಳೇ ಬೇಕು.

ಮೂರನೆಯದು ವಾಸನೆ ಬದಲಾಗುವುದು. ಒಂದು ಬೆಕ್ಕನ್ನು ಆಸ್ಪತ್ರೆಗೆ ಒಯ್ದು ತಂದಿರಿ. ಅದರ ಮೈಯಲ್ಲಿ ಸ್ಪಿರಿಟ್, ಔಷಧ, ಬೇರೆ ಪ್ರಾಣಿಗಳ ವಾಸನೆ. ಮನೆಯಲ್ಲಿದ್ದ ಬೆಕ್ಕಿಗೆ ಅದು ಪರಿಚಯದ ಮುಖ ಹೊತ್ತ ಅಪರಿಚಿತ. ಬುಸುಗುಟ್ಟುತ್ತದೆ. ಬಂದದ್ದು ನೋವಿನಲ್ಲಿದೆ, ಅದೂ ತಿರುಗಿ ಬೀಳುತ್ತದೆ. ಇದನ್ನು ತಡೆಯುವುದು ಸುಲಭ: ಆಸ್ಪತ್ರೆಯಿಂದ ಬಂದದ್ದನ್ನು ಒಂದು ದಿನ ಬೇರೆ ಕೋಣೆಯಲ್ಲಿಡಿ, ಅದರ ಹಳೆಯ ಹಾಸನ್ನೇ ಕೊಡಿ, ಆಮೇಲೆ ಬಿಡಿ.

ಪ್ರಾಯಕ್ಕೆ ಬರುವುದೂ ಒಂದು ಕಾರಣ. ಮರಿಯಾಗಿದ್ದಾಗ ಅಣ್ಣತಮ್ಮಂದಿರ ಹಾಗಿದ್ದವು ಎರಡರಿಂದ ನಾಲ್ಕು ವರ್ಷದೊಳಗೆ ತಮ್ಮ ತಮ್ಮ ಜಾಗ ಬೇರೆ ಮಾಡಿಕೊಳ್ಳಲು ಹೊರಡುತ್ತವೆ. ಬೀಜ ತೆಗೆಸದ ಎರಡು ಗಂಡುಗಳಿದ್ದರೆ ಉಳಿದ ಉಪಾಯಗಳೆಲ್ಲ ಆಮೇಲಿನ ಮಾತು. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ನಾಲ್ಕರಿಂದ ಆರು ತಿಂಗಳ ಪ್ರಾಯದಲ್ಲಿ ಮಾಡಿಸುವುದು ಒಳ್ಳೆಯದು, ದೊಡ್ಡದಾದ ಮೇಲೆಯೂ ಮಾಡಿಸಬಹುದು. ಮಾಡಿಸಿದ ಮರುದಿನವೇ ಸಾಧುವಾಗುತ್ತದೆ ಎಂದುಕೊಳ್ಳಬೇಡಿ. ಹಾರ್ಮೋನಿನ ಪ್ರಭಾವ ಇಳಿಯಲು ಕೆಲವು ವಾರ ಹಿಡಿಯುತ್ತದೆ.

ಇನ್ನು ಕರಾವಳಿಯ ಮಳೆಗಾಲ. ಇದರ ಬಗ್ಗೆ ಪರದೇಶದ ಪುಸ್ತಕಗಳಲ್ಲಿ ಏನೂ ಸಿಗುವುದಿಲ್ಲ. ಬೇಸಿಗೆಯಲ್ಲಿ ತೋಟ, ಹಿತ್ತಿಲು, ಮಾಡು, ಕೊಟ್ಟಿಗೆ ಎಂದು ಹಂಚಿಕೊಂಡಿದ್ದ ನಾಲ್ಕು ಬೆಕ್ಕುಗಳು ಜೂನ್ ಬಂದದ್ದೇ ಒಳಗೆ ಸೇರುತ್ತವೆ. ಕೆರೆದು ಮುಚ್ಚಲು ಬೇಕಾದ ಒಣಮಣ್ಣು ಹೊರಗೆ ಎಲ್ಲಿಯೂ ಇಲ್ಲ. ಬೆಚ್ಚಗಿನ ಜಾಗವೆಂದರೆ ಬಚ್ಚಲೊಲೆಯ ಬದಿ ಒಂದೇ. ಅದರ ಮೇಲೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮೀನಿನ ತಲೆ–ಕರುಳಿಗೂ ಬರ. ಜಾಗ, ಬಿಸಿ, ಊಟ ಮೂರೂ ಒಮ್ಮೆಗೇ ಕಿರಿದಾದರೆ ಕಚ್ಚಾಡದೆ ಏನು ಮಾಡಿಯಾವು? ಮಂಗಳೂರಿನ ಕದ್ರಿಯ ಅಥವಾ ಮಣಿಪಾಲದ ಫ್ಲಾಟಿನಲ್ಲಿ ವರ್ಷವಿಡೀ ಇದೇ ಸ್ಥಿತಿ.

ಕಚ್ಚಾಡುವ ಗಳಿಗೆಯಲ್ಲಿ

ಕೈ ಹಾಕಬೇಡಿ. ತಟ್ಟೆ ಬಡಿಯುವುದು, ನೀರೆರಚುವುದು, ಪೊರಕೆ ಎತ್ತುವುದು ಬೇಡ. ಆ ಹೆದರಿಕೆಯೂ ಎದುರಿನ ಬೆಕ್ಕಿನ ಲೆಕ್ಕಕ್ಕೇ ಸೇರುತ್ತದೆ. ಎರಡರ ನಡುವೆ ಅಗಲವಾದ ರಟ್ಟು, ತಲೆದಿಂಬು ಅಥವಾ ಒಂದು ಒಳ್ಳೆಯ ಅಡಿಕೆ ಹಾಳೆ ತೂರಿಸಿ. ಕಣ್ಣಿಗೆ ಕಣ್ಣು ತಪ್ಪಿದರೆ ಹಿಡಿತ ಸಡಿಲವಾಗುತ್ತದೆ. ದಪ್ಪ ಬೈರಾಸನ್ನು (ಟವೆಲನ್ನು) ಒಂದರ ಮೇಲೆ ಹಾಕಿ, ಅದರ ಸಮೇತ ಎತ್ತಿ ಬೇರೆ ಕೋಣೆಗೆ ಬಿಟ್ಟು, ದೀಪ ಆರಿಸಿ, ಬಾಗಿಲು ಹಾಕಿ. ಸಮಾಧಾನ ಮಾಡಲು ಮುದ್ದಿಸಬೇಡಿ. ಕೆರಳಿದ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ.

ಬೆಕ್ಕಿನ ಕೋರೆಹಲ್ಲು ಸೂಜಿಯ ಹಾಗೆ. ಹೊರಗೆ ಕಾಣುವ ತೂತು ಸಣ್ಣದು, ಒಳಗೆ ಹೋದ ನಂಜು ಆಳ. ಜಗಳವಾಗಿ ಎರಡು–ನಾಲ್ಕು ದಿನದಲ್ಲಿ ಬೆಕ್ಕಿನ ಕೆನ್ನೆ, ಕಾಲು ಅಥವಾ ಬಾಲದ ಬುಡ ಬಾತುಕೊಂಡರೆ ಕೀವು ತುಂಬಿದೆ ಎಂದರ್ಥ, ವೈದ್ಯರು ಅದನ್ನು ತೆಗೆಯಬೇಕಾಗುತ್ತದೆ. ಮನುಷ್ಯರಿಗೆ ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಅಥವಾ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ. ಹುಚ್ಚುರೋಗ ನಾಯಿಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ತಪ್ಪು. ಚರ್ಮಕ್ಕೆ ಕೊಡುವ ಹುಚ್ಚುರೋಗದ ಲಸಿಕೆಯ ದಿನಗಳು 0, 3, 7 ಮತ್ತು 28. ಗಾಯಕ್ಕೆ ಅರಶಿನ, ಸುಣ್ಣ, ಮೆಣಸಿನ ಹುಡಿ ಹಚ್ಚುವುದು ಬೇಡ.

ಬೇರ್ಪಡಿಸಿ, ಮತ್ತೆ ಪರಿಚಯಿಸುವುದು

ಸಣ್ಣ ಚಕಮಕಿಯಾದರೆ ಒಂದೆರಡು ದಿನ ಬೇರೆಯಿಟ್ಟು ನೋಡಿ. ಬಾಗಿಲಿನ ಎರಡು ಬದಿಯಲ್ಲೂ ನೆಮ್ಮದಿಯಿಂದ ಉಂಡರೆ ಅಷ್ಟಕ್ಕೇ ಮುಗಿಯಬಹುದು. ರಕ್ತ ಬಂದಿದ್ದರೆ, ಅಥವಾ ನೋಡಿದ ಕೂಡಲೇ ಮತ್ತೆ ಎರಗಿದರೆ, ಎರಡೂ ಜನ್ಮದಲ್ಲಿ ಒಂದನ್ನೊಂದು ಕಂಡೇ ಇಲ್ಲ ಎಂದು ತಿಳಿದು ಮೊದಲಿನಿಂದ ಪರಿಚಯ ಮಾಡಿಸಬೇಕು. ಎರಡರಿಂದ ಆರು ವಾರ ಸಾಮಾನ್ಯ, ಕೆಲವು ಜೋಡಿಗೆ ತಿಂಗಳುಗಳು.

ಸಾಧ್ಯವಾದರೆ ಅಟ್ಟುವ ಬೆಕ್ಕನ್ನು ಕೋಣೆಯಲ್ಲಿಡಿ, ಹೆದರಿದ್ದು ಮನೆಯಲ್ಲಿ ಓಡಾಡಲಿ. ನಮ್ಮಲ್ಲಿ ಮಾಡುವುದು ತಿರುಗುಮುರುಗು: ಪಾಪದ್ದನ್ನು ಕಾಪಾಡಲೆಂದು ಕೋಣೆಗೆ ಹಾಕುತ್ತಾರೆ, ಜೋರಿನದ್ದಕ್ಕೆ ಇಡೀ ಮನೆ ಸಿಗುತ್ತದೆ. ಕೋಣೆಯಲ್ಲಿ ನೀರು, ಊಟ, ಹೇಲು–ಉಚ್ಚೆಗೆ ಹೊಯ್ಗೆ (ಮರಳು) ತುಂಬಿದ ಟಬ್ಬು, ಅಡಗಲು ಮಗುಚಿದ ರಟ್ಟಿನ ಪೆಟ್ಟಿಗೆ, ಉಗುರು ಕೆರೆಯಲು ಗೋಣಿ ಸುತ್ತಿದ ಮರದ ತುಂಡು, ಹತ್ತಿ ಕೂರಲು ಎತ್ತರದ ಜಾಗ ಬೇಕು. ಊಟ ಮತ್ತು ಟಬ್ಬು ಕೋಣೆಯ ಎದುರುಬದುರು ಮೂಲೆಯಲ್ಲಿರಲಿ. ಮೊದಲ ಎರಡು–ಮೂರು ದಿನ ಏನೂ ಮಾಡದೆ ಬಿಡಿ.

ಆಮೇಲೆ ವಾಸನೆ. ಬೆಕ್ಕಿನ ಕೆನ್ನೆ, ಗಲ್ಲ, ಮತ್ತು ಕಣ್ಣು–ಕಿವಿಗಳ ನಡುವಿನ ರೋಮ ತೆಳುವಾದ ಜಾಗದಲ್ಲಿ ಗ್ರಂಥಿಗಳಿವೆ. ಮೇಜಿನ ಕಾಲಿಗೆ, ನಿಮ್ಮ ಕಾಲಿಗೆ ಅದು ಮುಖ ಉಜ್ಜುವುದು ಅಲ್ಲಿಯ ವಾಸನೆ ಅಂಟಿಸಲಿಕ್ಕೆ. ಒಗೆದ ಹಳೆಯ ಹತ್ತಿಬಟ್ಟೆಯ ತುಂಡಿನಿಂದ ಒಂದರ ಕೆನ್ನೆಯನ್ನು ಮೆಲ್ಲಗೆ ಒರೆಸಿ, ಇನ್ನೊಂದರ ತಟ್ಟೆಯಿಂದ ಎರಡು ಮೀಟರು ದೂರ ಹಾಕಿ. ಬಟ್ಟೆ ಮೂಸಿ ಬುಸುಗುಟ್ಟಿದರೆ ಅಲ್ಲೇ ಇರಲಿ. ಮೂಸಿ ಸುಮ್ಮನೆ ಹೋದರೆ ಮರುದಿನ ಸ್ವಲ್ಪ ಹತ್ತಿರ. ಮೂಸಿದ ಮೇಲೆ ಅದರ ಮೇಲೆಯೇ ಮಲಗಿದರೆ ಈ ಹಂತ ಗೆದ್ದಿರಿ. ದಿನಕ್ಕೊಮ್ಮೆ ಕೋಣೆಯನ್ನೂ ಅದಲುಬದಲು ಮಾಡಿ, ಎದುರಾಗದ ಹಾಗೆ. ಎರಡಕ್ಕೂ ಒಂದೇ ಪೌಡರೋ ಎಣ್ಣೆಯೋ ಹಚ್ಚಿದರೆ ವಾಸನೆ ಒಂದಾಗುತ್ತದೆ ಎಂಬ ಉಪಾಯ ಬೇಡ. ನೀಲಗಿರಿ ಎಣ್ಣೆ, ಕರ್ಪೂರ ಬೆಕ್ಕಿಗೆ ವಿಷ.

ಮೂರನೆಯ ಹಂತದಲ್ಲಿ ಮುಚ್ಚಿದ ಬಾಗಿಲಿನ ಆಚೆಗೊಂದು ಈಚೆಗೊಂದು ತಟ್ಟೆ. ಶುರುವಿಗೆ ಬಾಗಿಲಿನಿಂದ ಎರಡು ಮೀಟರು ದೂರ. ತಟ್ಟೆ ಪೂರ್ತಿ ಖಾಲಿಯಾದರೆ ಮುಂದಿನ ಊಟಕ್ಕೆ ಒಂದು ಗೇಣು ಹತ್ತಿರ. ಅರ್ಧ ಬಿಟ್ಟು ಎದ್ದರೆ ಎರಡು ಗೇಣು ಹಿಂದೆ. ಹಾಕುವುದು ದಿನದ ಮಾಮೂಲಿ ಊಟಕ್ಕಿಂತ ರುಚಿಯದ್ದಾಗಿರಲಿ: ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆ, ಅಥವಾ ಕೋಳಿಯ ಎದೆಮಾಂಸ, ಒಂದೊಂದಕ್ಕೆ ದೊಡ್ಡ ಚಮಚದಷ್ಟು. ಉಪ್ಪು ಮೀನು ಬೇಡ. ಈ ರುಚಿ ಬೇರೆ ಹೊತ್ತಿನಲ್ಲಿ ಸಿಗಲೂಬಾರದು. ಇನ್ನೊಂದು ಬೆಕ್ಕಿನ ವಾಸನೆ ಬಂದಾಗಲೇ ಬಂಗುಡೆ ಬರುತ್ತದೆ ಎಂದು ಅದು ಕಲಿಯಬೇಕಾದ್ದು ಇಲ್ಲಿ.

ನೋಟ ನಾಲ್ಕನೆಯದು, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಕೆಲವು ಮನೆಗಳಲ್ಲಿ ಸೊಳ್ಳೆಗೆ ಹಾಕಿಸಿದ ಜಾಲರಿ ಬಾಗಿಲು ಇರುತ್ತದೆ. ನೈಲಾನ್ ಜಾಲರಿ ಒಂದೇ ಏಟಿಗೆ ಹರಿಯುತ್ತದೆ, ಅದನ್ನು ನಂಬಬೇಡಿ. ಮರದ ಚೌಕಟ್ಟಿಗೆ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲಿ ಹೊಡೆಸಿದರೆ ಸಾಕು, ಆಚಾರಿಗೆ ಅರ್ಧ ದಿನದ ಕೆಲಸ. ಜಾಲಿಯನ್ನು ಹಳೆಯ ಸೀರೆಯಿಂದ ಪೂರ್ತಿ ಮುಚ್ಚಿ ಊಟ ಹಾಕಿ. ತಟ್ಟೆ ಮತ್ತೆ ಎರಡು–ಮೂರು ಮೀಟರು ಹಿಂದಕ್ಕೆ ಹೋಗಬೇಕು, ಹತ್ತಿರ ಉಣ್ಣುತ್ತಿದ್ದವಲ್ಲ ಎಂದು ಅಲ್ಲೇ ಇಡಬೇಡಿ. ದಿನಕ್ಕೆ ನಾಲ್ಕು ಬೆರಳಿನಷ್ಟು ಸೀರೆ ಮೇಲಕ್ಕೆ ಸರಿಸಿ. ಮೊದಲು ಕಾಲು ಕಾಣುತ್ತದೆ, ಆಮೇಲೆ ಮೈ, ಮುಖ ಕೊನೆಗೆ. ಐದು ನಿಮಿಷ ಸಾಕು. ಉಣ್ಣುವುದು ಮುಗಿಯುವ ಮೊದಲೇ ಸೀರೆ ಇಳಿಸಿಬಿಡಿ. ಹೊಟ್ಟೆ ತುಂಬಿದ ಮೇಲೆ ನೋಡಲು ಉಳಿಯುವುದು ಎದುರಿನ ಬೆಕ್ಕು ಮಾತ್ರ.

ಇಲ್ಲಿ ಬೆಕ್ಕಿನ ಮುಖ ಓದಬೇಕು. ಒಮ್ಮೆ ನೋಡಿ, ಕಣ್ಣು ಮುಚ್ಚಿ ತೆರೆದು, ಮತ್ತೆ ತಟ್ಟೆಗೆ ಬಾಯಿ ಹಾಕಿದರೆ ಒಳ್ಳೆಯದು. ಅಗಿಯುವುದನ್ನು ನಿಲ್ಲಿಸಿ ನೆಟ್ಟಗೆ ನೋಡತೊಡಗಿ, ಬಾಲದ ತುದಿ ಮಾತ್ರ ಅಲುಗಿ, ಕಿವಿ ಬದಿಗೆ ತಿರುಗಿದರೆ ಮೂರು ಎಣಿಸುವುದರೊಳಗೆ ನಡುವೆ ಅಡಿಕೆ ಹಾಳೆ ಹಿಡಿಯಿರಿ. ಒಮ್ಮೆ ಬುಸುಗುಟ್ಟಿತೆಂದು ಕಂಗಾಲಾಗಬೇಕಿಲ್ಲ. ದೂರ ಇರು ಎಂದು ಬಾಯಲ್ಲಿ ಹೇಳಿ, ಇನ್ನೊಂದು ಅದನ್ನು ಕೇಳಿ ಹಿಂದೆ ಸರಿದರೆ ಇಬ್ಬರೂ ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ಅಟ್ಟಿಕೊಂಡು ಹೋಗುವುದು ಮಾತ್ರ ಕೆಟ್ಟದ್ದು.

ಮುಖಪೂರ್ತಿ ಕಂಡರೂ ನಾಲ್ಕೈದು ದಿನ ನೆಮ್ಮದಿಯಿಂದ ಉಂಡ ಮೇಲೆ ಒಂದೇ ಕೋಣೆ. ಇಬ್ಬರು ಬೇಕು, ಒಂದೊಂದು ಬೆಕ್ಕಿಗೆ ಒಬ್ಬರು. ಮೊದಲು ಎರಡನ್ನೂ ಬೇರೆಬೇರೆಯಾಗಿ ಹತ್ತು–ಹದಿನೈದು ನಿಮಿಷ ಕೋಲಿಗೆ ಕಟ್ಟಿದ ದಾರದ ಆಟ ಆಡಿಸಿ ದಣಿಸಿ, ಆಮೇಲೆ ಕೋಣೆಯ ಎರಡು ತುದಿಯಲ್ಲಿ ಊಟ. ಬೆಕ್ಕನ್ನು ಎತ್ತಿಕೊಂಡು ಒಳಗೆ ತರಬೇಡಿ, ತಾನಾಗಿ ನಡೆದು ಬರಲಿ, ಬಾಗಿಲು ತೆರೆದೇ ಇರಲಿ. ಐದು ನಿಮಿಷ ಚೆನ್ನಾಗಿ ಹೋದರೆ ನಾಳೆ ಏಳು. ಇಂದು ಚೆನ್ನಾಗಿತ್ತೆಂದು ಸಂಜೆಯವರೆಗೆ ಬಿಟ್ಟು ಕೆಡಿಸಿಕೊಂಡ ಮನೆಗಳೇ ಜಾಸ್ತಿ. ಎರಡು ವಾರ ಒಂದೂ ಅಟ್ಟಾಟವಿಲ್ಲದೆ ಕಳೆಯುವ ತನಕ ರಾತ್ರಿ ಮತ್ತು ಮನೆಯಲ್ಲಿ ಜನ ಇಲ್ಲದಾಗ ಬೇರೆಬೇರೆಯೇ ಇರಲಿ. ಅಟ್ಟುವ ಬೆಕ್ಕಿಗೆ ಗೆಜ್ಜೆ ಕಟ್ಟಿದರೆ ಇನ್ನೊಂದಕ್ಕೆ ಸುಳಿವು ಸಿಗುತ್ತದೆ. ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ತಾನಾಗಿ ಬಿಚ್ಚಿಕೊಳ್ಳುವಂಥದ್ದೇ ಆಗಿರಬೇಕು.

ಮನೆಯ ಜೋಡಣೆ

ಪರಿಚಯ ಮಾಡಿಸಿಯೂ ಮನೆ ಹಳೆಯ ಹಾಗೇ ಇದ್ದರೆ ತಿಂಗಳೊಳಗೆ ಮತ್ತೆ ಅದೇ ಹಾಡು. ಟಬ್ಬಿನ ಲೆಕ್ಕ: ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಹೆಚ್ಚು. ಮೂರು ಟಬ್ಬನ್ನು ಬಚ್ಚಲಿನ ಮೂಲೆಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ, ಏಕೆಂದರೆ ದಾರಿ ಕಾಯುವವನಿಗೆ ಒಂದು ಬಾಗಿಲು ಕಾದರೆ ಸಾಕು. ಟಬ್ಬು ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು ಇರಲಿ, ಸುಮಾರು 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, ಹೊಯ್ಗೆ ಮೂರು–ನಾಲ್ಕು ಸೆಂ.ಮೀ. ಆಳ. ಕಡಲ ಬದಿಯ ಹೊಯ್ಗೆ ತರಬೇಡಿ, ಉಪ್ಪಿನಿಂದಾಗಿ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಹೊಳೆಯ ಹೊಯ್ಗೆಯನ್ನು ಮೇ ತಿಂಗಳಲ್ಲೇ ಬಿಸಿಲಿಗೆ ಹರಡಿ, ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಡಿ. ಟಬ್ಬಿಗೆಂದು ಅಂಗಡಿಯಲ್ಲಿ ಸಿಗುವ ಮಣ್ಣನ್ನು ತಂದರೂ ಗಾಳಿಯಾಡದ ಡಬ್ಬಿಯಲ್ಲೇ ಇಡಬೇಕು. ಟಬ್ಬಿನ ಗಲೀಜನ್ನು ದಿನಕ್ಕೆ ಎರಡು ಸಲ ತೆಗೆಯಿರಿ.

ಊಟದ ತಟ್ಟೆಗಳು ಒಂದಕ್ಕೊಂದು ಕಾಣದಿರಲಿ. ಕರಾವಳಿಯ ಮನೆಗಳಲ್ಲಿ ದಿನದ ಅತ್ಯಂತ ಅಪಾಯದ ಹೊತ್ತು ಮೀನಿನವರ ಹಾರ್ನ್ ಕೇಳಿದ ಮೇಲಿನ ಅರ್ಧ ಗಂಟೆ. ಮೆಟ್ಟುಕತ್ತಿಯ ಸುತ್ತ ಮನೆಯವು, ನೆರೆಯವು, ಬೀದಿಯವು ಎಲ್ಲ ಸೇರಿ, ತಲೆ–ಕರುಳನ್ನು ಒಂದೇ ಕಡೆ ಎಸೆದಾಗ ಯುದ್ಧ. ಚೀಲ ಕೈಗೆ ಬರುವ ಮೊದಲೇ ಮನೆಯ ಬೆಕ್ಕುಗಳನ್ನು ಬೇರೆಬೇರೆ ಕೋಣೆಗೆ ಸೇರಿಸಿ, ಮೀನು ಕೊಯ್ದಾದ ಮೇಲೆ ಒಂದೊಂದಕ್ಕೆ ಒಂದೊಂದು ಗೆರಟೆಯಲ್ಲಿ ಅಲ್ಲಲ್ಲೇ ಕೊಡಿ. ಈ ಒಂದು ಬದಲಾವಣೆಯಿಂದಲೇ ಅರ್ಧ ಜಗಳ ಇಳಿದ ಮನೆಗಳುಂಟು.

ಇನ್ನು ಎತ್ತರ. ಅಟ್ಟ ಇರುವ ಹಂಚಿನ ಮನೆಯವರು ಭಾಗ್ಯವಂತರು, ಆದರೆ ಅಟ್ಟಕ್ಕೆ ಒಂದೇ ಏಣಿ ಇದ್ದರೆ ಅದು ಬಲೆ. ಇಳಿಯಲು ಎರಡನೆಯ ದಾರಿ ಬೇಕು. ಫ್ಲಾಟಿನಲ್ಲಿ ಗೋಡೆಗೆ 25 ಸೆಂ.ಮೀ. ಅಗಲದ ಹಲಗೆಗಳನ್ನು ಮೆಟ್ಟಿಲಿನ ಹಾಗೆ ಒಂದೂವರೆ ಮೀಟರು ಎತ್ತರದವರೆಗೆ ಹೊಡೆಸಿ, ಆಚೆ ಕಪಾಟಿನ ಮೇಲಿಂದ ಇಳಿಯುವ ಹಾಗೆ ಮಾಡಿ. ಹಲಗೆಗೆ ಗೋಣಿ ಅಂಟಿಸದಿದ್ದರೆ ಜಾರುತ್ತದೆ, ಒಮ್ಮೆ ಜಾರಿದ ಹಲಗೆಗೆ ಬೆಕ್ಕು ಮತ್ತೆ ಹತ್ತುವುದಿಲ್ಲ. ಮಳೆಗಾಲಕ್ಕೆ ಬೆಚ್ಚಗಿನ ಹಾಸು ಎರಡು–ಮೂರು ಕಡೆ ಇರಲಿ.

ಹೊರಗಿನ ಗಡವನಿಂದ ಶುರುವಾದ ಜಗಳವಾದರೆ ಕಿಟಕಿಯ ಕೆಳಭಾಗಕ್ಕೆ ಬೆಕ್ಕು ಕೂತರೂ ಕಾಣದಷ್ಟು ಎತ್ತರಕ್ಕೆ ಕಾಗದ ಅಂಟಿಸಿ, ಮಾಡು ಮತ್ತು ಗೋಡೆಯ ನಡುವಿನ ಸಂದಿಗೆ ಜಾಲಿ ಹೊಡೆಸಿ. ಬೀದಿಯ ಬೆಕ್ಕಿಗೆ ಊಟ ಹಾಕುವುದಿದ್ದರೆ ಅಡಿಗೆಕೋಣೆಯ ಬಾಗಿಲಲ್ಲಿ ಬೇಡ, ಗೇಟಿನ ಹತ್ತಿರ ಹಾಕಿ. ಅದಕ್ಕೂ ಶಸ್ತ್ರಚಿಕಿತ್ಸೆ ಮಾಡಿಸಿದರೆ ಇನ್ನೂ ಒಳ್ಳೆಯದು. ಬೆಕ್ಕು ಗೋಡೆಗೆ ಹಾರಿಸಿದ ಉಚ್ಚೆಯನ್ನು ಫಿನೈಲಿನಿಂದ ಒರೆಸಬೇಡಿ. ಫಿನೈಲ್ ಮೆಟ್ಟಿದ ಕಾಲು ನೆಕ್ಕಿದರೂ ಬೆಕ್ಕಿಗೆ ವಿಷ. ಕಿಣ್ವ ಇರುವ ಬಟ್ಟೆ ಒಗೆಯುವ ಹುಡಿಯನ್ನು ಒಂದಕ್ಕೆ ಒಂಬತ್ತು ಪಾಲು ಬೆಚ್ಚಗಿನ ನೀರಿನಲ್ಲಿ ಕಲಸಿ ಒರೆಸಿ, ಬರೀ ನೀರಿನಿಂದ ತೊಳೆದು, ಒಣಗಿದ ಮೇಲೆ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಹಚ್ಚಿ ಆರಲು ಬಿಡಿ.

ಬೆಕ್ಕಿನ ಮೈಯ ವಾಸನೆಯನ್ನು ಹೋಲುವ ವಸ್ತು ಬಿಡುವ, ಪ್ಲಗ್ಗಿಗೆ ಹಾಕುವ ಫೆರೊಮೋನ್ ಯಂತ್ರಗಳು ಕೆಲವು ಮನೆಗಳಲ್ಲಿ ನೆರವಾಗುತ್ತವೆ, ಅದೊಂದನ್ನೇ ನಂಬಿ ಕೂರುವಂತಿಲ್ಲ. ಎರಡು ತಿಂಗಳು ಕ್ರಮವಾಗಿ ಮಾಡಿಯೂ ಜಾಲಿಯ ಆಚೆ ಕಂಡ ಕೂಡಲೇ ಎರಗುವ ಬೆಕ್ಕಿಗೆ ವೈದ್ಯರು ಫ್ಲೂವಾಕ್ಸೆಟಿನ್‌ನಂಥ, ಕಳವಳ ಇಳಿಸುವ ಮದ್ದು ಬರೆಯಬಹುದು. ಅದರ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಪ್ರಮಾಣ ಅವರು ಹೇಳಿದ್ದೇ.

ಎಲ್ಲ ಜೋಡಿಯೂ ಮತ್ತೆ ಒಂದೇ ಗೋಣಿಯ ಮೇಲೆ ಮಲಗುವುದಿಲ್ಲ. ಒಂದು ಕಪಾಟಿನ ಮೇಲೆ, ಇನ್ನೊಂದು ಕಿಟಕಿಯಲ್ಲಿ, ಎದುರಾದರೆ ಮುಖ ತಿರುಗಿಸಿ ಹೋಗುವುದು ಎಂಬಷ್ಟಕ್ಕೆ ಬಂದರೂ ಸಾಕು ಎಂದು ತಿಳಿಯಿರಿ. ಅಷ್ಟೂ ಆಗದಿದ್ದರೆ ಜಾಲಿಯ ಬಾಗಿಲನ್ನು ಕಾಯಂ ಮಾಡಿ: ಬೆಳಿಗ್ಗೆ ಚಾವಡಿ ಒಂದರದ್ದು, ಮಧ್ಯಾಹ್ನದ ಮೇಲೆ ಇನ್ನೊಂದರದ್ದು. ಹಾಗೆ ಪಾಳಿಯಲ್ಲಿಯೂ ಹೆದರಿದ ಬೆಕ್ಕು ಊಟ ಬಿಟ್ಟು ಮೂಲೆ ಹಿಡಿದಿದ್ದರೆ ಅದಕ್ಕೆ ಬೇರೆ ಬೆಕ್ಕಿಲ್ಲದ ಮನೆ ಹುಡುಕಿ. ತೋಟದಾಚೆ ಬಿಟ್ಟು ಬರುವುದು ಬೇಡ, ಅಲ್ಲಿಯೂ ಗಡವಗಳೇ ಕಾದಿರುತ್ತವೆ.